ಸೀತಕ್ಕನ ಕೈಗೊಂದು ಆಸರೆ

ಸೀತು ಬೀಸಿದ ಕೋಲು ಸುಗುಣಳ ಮುಂಗೈಗೆ ಬಿತ್ತು. ಗೇಣು ಆಚೆ ಬಿದ್ದಿದ್ದರೆ ಅವಳ ಸೊಂಟದ ಮೇಲಿದ್ದ ಮಗುವಿನ ತಲೆಗೆ ಬೀಳುತ್ತಿತ್ತು.

ಅಂಗಳದಲ್ಲಿ ಒಣಮೀನು ಹರವುತ್ತಿದ್ದ ವನಜ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಬಾವಿಕಟ್ಟೆಯ ಕಡೆ ಹೋಗುತ್ತಿದ್ದ ಸೀತುವನ್ನು ತಿರುಗಿಸೋಣವೆಂದು ಸುಗುಣ ಹಿಂದಿನಿಂದ ಹೋಗಿ ಹೆಗಲು ಮುಟ್ಟಿದ್ದಳು, ಅಷ್ಟೇ. ಸೀತು ತಿರುಗುವ ಮೊದಲೇ ಕೋಲು ತಿರುಗಿತ್ತು. ಈಗ ಅವಳು ಕೋಲನ್ನು ಎತ್ತಿ ಹಿಡಿದೇ ನಿಂತು, ಮಗು ಅಳುವುದನ್ನು ಬೆರಗಿನಿಂದ ನೋಡುತ್ತಿದ್ದಳು.

“ಕಾಕಿ ಹೋಯ್ತಾ?” ಎಂದು ಕೇಳಿದಳು.

“ಹೋಯ್ತ್ ಅಕ್ಕ. ಇತ್ತ ಕೊಡ್,” ಎಂದು ವನಜ ಮೆಲ್ಲಗೆ ಕೋಲು ಬಿಡಿಸಿಕೊಂಡಳು.

ಸುಗುಣ ವನಜಳ ಸೊಸೆ. ಕೆಂಪಗೆ ಬಾತು ಬರುತ್ತಿದ್ದ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಹೇಳಿದ್ದು ಇಷ್ಟೇ: “ಅತ್ತೆ, ನಂಗ್ ಬಿದ್ದದ್ದಕ್ಕೆ ಬೇಜಾರಿಲ್ಲೆ. ಆರೆ ಶಿಶು ಇಪ್ಪ ಮನೆ.”

ಆ ಕೋಲನ್ನು ತಂದವನು ವನಜಳ ಮಗ ಉಮಾನಾಥ. ಸೀತು ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಡಾಕ್ಟರು, “ನಡೀಲಿ, ನಡೆಯೋದು ನಿಲ್ಲಿಸ್ಬೇಡಿ. ಕೈಗೆ ಏನಾದ್ರೂ ಆಸರೆ ಇರ್ಲಿ” ಎಂದಿದ್ದರು. ಏನು ಆಸರೆ ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಉಮಾನಾಥ ಕುಂದಾಪುರದ ಒಂದು ಮೆಡಿಕಲ್ ಅಂಗಡಿಯಿಂದ ಒಳ್ಳೆಯ ಹಿಡಿಯಿದ್ದ ಕೋಲನ್ನೇ ತಂದ. ಸೀತು ಒಂದು ದಿನವೂ ಅದನ್ನು ನೆಲಕ್ಕೆ ಊರಲಿಲ್ಲ. ಕೊಡೆಯಂತೆ ಕಂಕುಳಲ್ಲಿ ಇಟ್ಟುಕೊಂಡು ಓಲಾಡುತ್ತ ನಡೆದಳು. ಊರಿ ತೋರಿಸಿದರೆ ಊರುವಳು. ಮುಂದಿನ ಹೆಜ್ಜೆ ಕಾಲಿನದೋ ಕೋಲಿನದೋ ತಿಳಿಯದೆ ನಿಂತುಬಿಡುವಳು. ಒಣಮೀನಿನ ಹತ್ತಿರ ಕಾಗೆ ಬಂದಾಗ ಮಾತ್ರ ಕೋಲಿನ ಉಪಯೋಗ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕುಂದಾಪುರದ ಪಕ್ಕದ ಕೋಡಿಯ ಆ ಕೇರಿಯಲ್ಲಿ ಸೀತಕ್ಕನೆಂದರೆ ನಡಿಗೆ. ಬೆಳಕು ಹರಿಯುವಾಗ ದೋಣಿ ಬರುವಲ್ಲಿ ಮೀನು ಕೊಂಡು, ತಲೆಯ ಮೇಲೆ ಸಿಂಬೆ, ಅದರ ಮೇಲೆ ಬುಟ್ಟಿ ಹೊತ್ತು ಹೊರಟರೆ, ಹಟ್ಟಿಯಂಗಡಿಯ ಕಡೆ ಬಸ್ಸಿನಲ್ಲಿ ಇಳಿದು, ಅಲ್ಲಿಂದ ಗದ್ದೆಯಂಚು, ತೋಡು, ತೋಟ ದಾಟಿ ಮನೆಮನೆಗೆ ಹೋಗಿ ಮಾರಿ ಬರುವಳು. ಯಾರಾದರೂ ಜಗಲಿಯಿಂದ “ಹ್ವಾಯ್, ಮೀನ್” ಎಂದು ಕರೆದರೆ ಎಷ್ಟು ದೂರದಲ್ಲಿದ್ದರೂ ನಿಂತು ತಿರುಗುವಳು. ಕೈ ಹಿಡಿಯದೆಯೇ ಬುಟ್ಟಿ ತಲೆಯ ಮೇಲೆ ಅಲುಗದೆ ಕೂತಿರುತ್ತಿತ್ತು.

ವನಜಳಿಗಿಂತ ಅವಳು ಹತ್ತು ಹನ್ನೆರಡು ವರ್ಷ ದೊಡ್ಡವಳು. ತಾಯಿ ಸತ್ತಾಗ ವನಜ ಇನ್ನೂ ಎತ್ತಿಕೊಳ್ಳುವ ಮಗು, ಸಾಕಿದವಳು ಅಕ್ಕನೇ. ಬೈಂದೂರು ಕಡೆಯ ಒಂದು ಮನೆಗೆ ಸೀತುವನ್ನು ಮದುವೆ ಮಾಡಿಕೊಟ್ಟಿದ್ದರು. ಮುಂದಿನ ಮಳೆಗಾಲ ಬರುವ ಮೊದಲೇ ಅವಳು ತಿರುಗಿ ಬಂದಳು. ಯಾಕೆಂದು ಕೇಳಿದವರಿಗೆಲ್ಲ “ಅಲ್ಲಿ ಬಾಮಿ ನೀರ್ ಉಪ್ಪ್” ಎಂದಳು. ಆಮೇಲೆ ಆ ಮನೆಯ ಹೆಸರನ್ನೇ ಎತ್ತಲಿಲ್ಲ. ವನಜಳ ಗಂಡ ಕಡಲಿಗೆ ಹೋದವನು ಬಾರದೆ ಉಳಿದಾಗ ತಂಗಿಯನ್ನೂ ಮಗುವನ್ನೂ ಕರೆತಂದು ಇದೇ ಮನೆಯಲ್ಲಿಟ್ಟುಕೊಂಡಳು. ೧೯೯೭ರ ಮಳೆಗಾಲದಲ್ಲಿ ಉಮಾನಾಥನಿಗೆ ಜ್ವರ ಏರಿ ಮಾತು ತೊದಲಿದಾಗ, ರಸ್ತೆಯಲ್ಲಿ ನೀರು ನಿಂತು ರಿಕ್ಷಾ ಬಾರದೆ ಹೋದಾಗ, ಹತ್ತು ವರ್ಷ ದಾಟಿದ ಆ ಹುಡುಗನನ್ನು ಬೆನ್ನಿಗೆ ಹಾಕಿಕೊಂಡು ಪೇಟೆಯ ಆಸ್ಪತ್ರೆಯವರೆಗೆ ನಡೆದವಳೂ ಅವಳೇ.

ಅವಳ ಮರೆವು ಮೊದಲು ತಿಳಿದದ್ದು ಬುಟ್ಟಿಯಿಂದ. ೨೦೦೯ರಲ್ಲಿ ಒಂದು ಮಧ್ಯಾಹ್ನ ತುಂಬಿದ ಬುಟ್ಟಿಯನ್ನು ಹಾಗೆಯೇ ಹೊತ್ತುಕೊಂಡು ಬಂದಳು. “ಇವತ್ತ್ ಯಾರಿಗೂ ಬೇಡ ಅಂಬ್ರ್” ಎಂದಳು. ಮರುದಿನವೂ ಹಾಗೇ. ಮೂರನೆಯ ದಿನ ವನಜ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋದಳು. ಸೀತು ಇಳಿದಳು. ಬುಟ್ಟಿ ಹೊತ್ತು ರಸ್ತೆ ಬದಿಯಲ್ಲಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಷ್ಟೋ ವರ್ಷ ತುಳಿದ ದಾರಿ ಎದುರಿಗೇ ಇತ್ತು. ತಿರುಗಿ ಬರುವ ಬಸ್ಸು ಬಂದು ನಿಲ್ಲುವವರೆಗೂ ಅವಳು ನಿಂತ ಜಾಗದಿಂದ ಕದಲಲಿಲ್ಲ. ಬಂದೊಡನೆ ಹತ್ತಿ ಕೂತಳು. ಅದಾದ ಮೇಲೆ ವನಜ ಅವಳನ್ನು ಮಾರಾಟಕ್ಕೆ ಕಳಿಸಲಿಲ್ಲ. ಡಾಕ್ಟರು ಇದು ಮರೆವಿನ ಕಾಯಿಲೆ, ಏರುತ್ತಲೇ ಹೋಗುತ್ತದೆ ಎಂದರು.

ಮನಸ್ಸು ದಾರಿ ಮರೆತರೂ ಕಾಲು ಸುಮ್ಮನಿರುತ್ತಿರಲಿಲ್ಲ. ಅದೇ ಕಷ್ಟವಾದದ್ದು. ಬೆಳಕು ಹರಿದರೆ ಸೀತು ಹೊರಡಲೇಬೇಕು. ಆದರೆ ಮೈಯ ಸಮತೋಲ ಹೋಗಿತ್ತು. ತಿರುಗುವಾಗ ಓಲಾಡುವಳು, ಗೋಡೆ ಹುಡುಕುವಳು.

ಕೋಲು ಅಟ್ಟ ಸೇರಿದ ಮೇಲೆ ಉಮಾನಾಥ ಸುಮ್ಮನೆ ಕೂರಲಿಲ್ಲ. ಅವನು ಗಂಗೊಳ್ಳಿಯ ಒಂದು ಬೋಟಿನಲ್ಲಿ ದುಡಿಯುತ್ತಿದ್ದ. ಒಂದು ಶುಕ್ರವಾರ ಉಡುಪಿಗೆ ಹೋದವನು ನಾಲ್ಕು ಚಕ್ರದ ಒಂದು ಗಾಡಿ ತಂದ. ದೂಡಿಕೊಂಡು ನಡೆಯುವಂಥದ್ದು. ಎರಡು ಹಿಡಿ, ಹಿಡಿಗೆ ಬ್ರೇಕು, ದಣಿದರೆ ಕೂರಲು ಸಣ್ಣ ಸೀಟು, ಮುಂದೆ ತಂತಿಯ ಬುಟ್ಟಿ.

“ಅಂಗ್ಡಿಯರ್ ಇದೇ ಎಲ್ಲಕ್ಕಿಂತ ಒಳ್ಳೇದ್ ಅಂದ್ರ್ ಅಮ್ಮ,” ಎಂದ.

ಸೀತು ಬುಟ್ಟಿಯನ್ನು ನೋಡಿದಳು. ಕೈಯಾಡಿಸಿದಳು. ಹಿಡಿ ಹಿಡಿದು ದೂಡಿದಳು. ಗಾಡಿ ಸರಾಗವಾಗಿ ಹೋಯಿತು, ಅವಳೂ ಹೋದಳು. ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ, ಓಲಾಡದೆ, ಬೆನ್ನು ನೆಟ್ಟಗೆ. ಪಕ್ಕದ ಮನೆಯ ಕಿಟ್ಟ ಬಲೆ ಹೆಣೆಯುವುದನ್ನು ನಿಲ್ಲಿಸಿ, “ಸೀತಕ್ಕ, ಇವತ್ತ್ ಎಂತ ಮೀನ್?” ಎಂದು ಕೇಳಿದ. “ಬಂಗ್ಡೆ” ಎಂದಳು ಸೀತು, ನಿಲ್ಲದೆ. ಎಲ್ಲರೂ ನಕ್ಕರು. ಉಮಾನಾಥನ ಮುಖ ಅರಳಿತು. ಬ್ರೇಕು ಹಿಡಿಯುವುದನ್ನು ಅವನು ಮತ್ತೆ ಮತ್ತೆ ತೋರಿಸಿದ. ಪ್ರತಿ ಸಲವೂ ಅವಳು “ಹ್ಞಾಂ” ಎಂದಳು.

ವಾರ ಕಳೆದಿರಲಿಲ್ಲ. ಬೆಳಗಿನ ಹೊತ್ತು, ವನಜ ಹಿತ್ತಲಿನಲ್ಲಿ ಮೀನು ಕೊಯ್ಯುತ್ತಿದ್ದಳು. ಅಂಗಳದಲ್ಲಿ ಗಾಡಿಯ ಚಕ್ರದ ಸದ್ದು ಕೇಳುತ್ತಲೇ ಇತ್ತು. ಆ ಸದ್ದು ನಿಂತು ಎಷ್ಟು ಹೊತ್ತಾಯಿತೆಂದು ಅವಳಿಗೆ ಹೊಳೆಯಲಿಲ್ಲ. ಎದ್ದು ಬಂದು ನೋಡಿದರೆ ಗೇಟು ಹಾರು ಹೊಡೆದಿತ್ತು.

ಮೀನಿನ ಕೈಯಲ್ಲೇ ಓಡಿದಳು. ಅವರ ಮನೆಯಿಂದ ಹೊಳೆಯ ದಕ್ಕೆಗೆ, ಅಂದರೆ ದೋಣಿ ಬಂದು ನಿಲ್ಲುವ ಕಟ್ಟೆಗೆ, ಒಂದು ಕೂಗಿನಷ್ಟು ದೂರ. ದಾರಿ ಕೊನೆಯಲ್ಲಿ ಇಳಿಜಾರಾಗಿ, ಕಾಂಕ್ರೀಟು ಹಾಸಿದ್ದು, ನೇರ ನೀರಿಗೆ ಇಳಿಯುತ್ತದೆ. ತಿರುವು ದಾಟಿದಾಗ ಸೀತು ಕಂಡಳು. ಇಳಿಜಾರಿನ ತಲೆಯಲ್ಲಿದ್ದಳು. ಗಾಡಿಯ ಬುಟ್ಟಿಯಲ್ಲಿ ಮಗುವಿನ ಪ್ಲಾಸ್ಟಿಕ್ ಬಕೆಟ್ಟು ಇತ್ತು. ಬೆಳಿಗ್ಗೆ ದೋಣಿ ಬಂದಿದೆ, ಮೀನು ಕೊಳ್ಳಬೇಕು, ಅಷ್ಟೇ ಅವಳ ಲೆಕ್ಕ.

“ಅಕ್ಕಾ, ನಿಲ್ಲ್,” ಎಂದು ವನಜ ಕೂಗಿದಳು.

ಗಾಡಿ ಇಳಿಯಲು ತೊಡಗಿತ್ತು. ಮೊದಲು ಮೆಲ್ಲಗೆ, ಆಮೇಲೆ ಸೀತುವಿನ ಕಾಲಿಗಿಂತ ಬೇಗ. ಅವಳು ಹಿಡಿಗೆ ಜೋತುಬಿದ್ದವಳಂತೆ ಹಿಂದೆ ಹಿಂದೆ ಓಡುತ್ತಿದ್ದಳು. “ಬ್ರೇಕ್ ಹಿಡಿ. ಕೈ ಬಿಡ್ ಅಕ್ಕ, ಬಿಟ್ಟ್ ಬಿಡ್.” ಒಂದು ಮಾತೂ ಅವಳಿಗೆ ತಲುಪಲಿಲ್ಲ. ಕೆಳಗೆ ನಿಂತಿದ್ದ ಗಂಡಸರು ಬೆನ್ನು ಹಾಕಿಕೊಂಡು ದೋಣಿಯಿಂದ ಬಲೆ ಇಳಿಸುತ್ತಿದ್ದರು. ವನಜಳ ಬಾಯಿಂದ ಆಗ ಏನು ಬಂತೆಂದು ಅವಳಿಗೇ ಗೊತ್ತಾದದ್ದು ಬಂದ ಮೇಲೆ.

“ಹ್ವಾಯ್, ಮೀನ್.”

ಸೀತು ತಿರುಗಿದಳು. ಹಿಡಿಯಿಂದ ಕೈ ಬಿಟ್ಟು ಇಡೀ ಮೈ ತಿರುಗಿಸಿದಳು. ಗಾಡಿ ತನ್ನಷ್ಟಕ್ಕೆ ಇಳಿದು ಹೋಗಿ ಹೊಳೆಗೆ ಬಿತ್ತು. ಅವಳು ಕಾಂಕ್ರೀಟಿನ ಮೇಲೆ ಕೈಯೂರಿ ಬಿದ್ದಳು. ವನಜ ಹತ್ತಿರ ಹೋಗಿ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಾಗ ಸೀತು ಅವಳ ಮುಖ ನೋಡಿ, “ಎಷ್ಟ್ ಬೇಕ್?” ಎಂದು ಕೇಳಿದಳು. ಮುಂಗೈ ವಾರೆಯಾಗಿ ನಿಂತಿತ್ತು.

ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಕಳಿಸಿದರು. ಆ ಸಂಜೆ ಬಂದ ಉಮಾನಾಥ, ದೋಣಿಯವರು ಎತ್ತಿ ತಂದು ಗೇಟಿಗೆ ಒರಗಿಸಿಟ್ಟ ಗಾಡಿಯನ್ನು ಗುಜರಿಯವನಿಗೆ ಕೊಟ್ಟ. ಪೇಟೆಯಿಂದ ಕೈಯಿರುವ ದೊಡ್ಡ ಕುರ್ಚಿ ತಂದ.

“ಇನ್ ನಡೂದ್ ಬೇಡ,” ಎಂದ.

ಕುರ್ಚಿಯಲ್ಲಿ ಕೂರಿಸಿದರೆ ಸೀತು ಏಳುವಳು. ಎದ್ದರೆ ಬೀಳುವಳು. ಬೋಟಿಗೆ ಹೋಗುವ ಮೊದಲು ಉಮಾನಾಥ ತಾನೇ ಒಂದು ಹಳೆಯ ನೂಲಿನ ಸೀರೆಯನ್ನು ಮಡಿಸಿ, ಅವಳ ಸೊಂಟಕ್ಕೆ ಬಳಸಿ, ಕುರ್ಚಿಯ ಬೆನ್ನಿಗೆ ಗಂಟು ಹಾಕಿದ. ಬಿಗಿಯಾಗಿ ಏನೂ ಕಟ್ಟಿರಲಿಲ್ಲ. ಸೀತು ಇಡೀ ದಿನ ಒಳ್ಳೆಯ ಕೈಯಲ್ಲಿ ಆ ಸೀರೆಯ ಅಂಚನ್ನು ಎಳೆಯುತ್ತ ಕೂರುವಳು. ಮೊದಮೊದಲು ಬೈದಳು. ಆಮೇಲೆ ಕೂಗಿದಳು. ಕೊನೆಗೆ ಕೂಗುವುದನ್ನೂ ಬಿಟ್ಟಳು. ಊಟ ಅರ್ಧಕ್ಕೆ ಇಳಿಯಿತು. ಪ್ಲಾಸ್ಟರ್ ಬಿಚ್ಚುವ ದಿನ ಎತ್ತಿ ನಿಲ್ಲಿಸಿದರೆ ಮಂಡಿ ನಡುಗಿ ಕುಸಿದಳು.

ಆ ದಿನ ಮನೆಗೆ ಬಂದು ಉಮಾನಾಥ ಮತ್ತೆ ಸೀರೆ ಕೈಗೆತ್ತಿಕೊಂಡಾಗ ವನಜ ಅದರ ಇನ್ನೊಂದು ತುದಿ ಹಿಡಿದಳು.

“ಬೇಡ ಮಗಾ. ಸಾಕ್.”

“ಬಿದ್ರೆ?”

“ಬಿದ್ರೆ ಬಿದ್ಳ್. ಇದ್ ಕಂಡ್ಯಾ, ಬೀಳ್ದೇ ಸಾಯ್ತಿದ್ಳ್ ಅವ್ಳ್.”

“ಸೊಂಟ ಮುರುದ್ರೆ ಯಾರ್ ಎತ್ತುದ್? ನಾನ್ ಕಡ್ಲಲ್ಲಿಪ್ಪುದ್. ಇವ್ಳಿಗ್ ಶಿಶು. ನಿಂಗ್ ಎಷ್ಟ್ ಜೀವ ಇತ್ತ್ ಅಂದೇಳಿ?”

“ಎತ್ತುಕ್ ಆಪಷ್ಟ್ ಇತ್ತ್.”

“ಅಮ್ಮ, ನಿಂಗ್ ಅರ್ಥ ಆತಿಲ್ಲೆ.” ಅವನ ದನಿ ಏರಿತು. ಬಾಗಿಲಲ್ಲಿ ಸುಗುಣ ಮಗುವನ್ನು ಅಪ್ಪಿಕೊಂಡು ನಿಂತಳು. “ಆ ಗಾಡಿ ತಂದದ್ ನಾನ್. ಹೊಳಿಗ್ ಬಿದ್ದಿದ್ರೆ ಕೊಂದದ್ದೂ ನಾನೇ ಆತಿದ್ದೆ. ಕೋಲೂ ನಾನೇ ತಂದದ್. ಇನ್ನೊಂದ್ ತರುಕ್ ನಂಗ್ ಕೈ ಬತ್ತಿಲ್ಲೆ.”

ಅವನ ಹಠದ ಅಡಿಯಲ್ಲಿ ಇಷ್ಟು ಹೆದರಿಕೆ ಇದೆಯೆಂದು ವನಜ ತಿಳಿದಿರಲಿಲ್ಲ. ಸೀರೆಯ ತುದಿಯನ್ನು ಮಾತ್ರ ಬಿಡಲಿಲ್ಲ. ಕೊನೆಗೆ ಅವನೇ ಕೈ ಬಿಟ್ಟ.

“ಈ ಸರ್ತಿ ನಾವೇ ತರುದ್ ಬೇಡ. ಗೊತ್ತಿಪ್ಪರ ಹತ್ರ ಕೇಂಬ,” ಎಂದಳು ವನಜ.

ಕುಂದಾಪುರ ಪೇಟೆಯಲ್ಲಿ ಫಿಸಿಯೋಥೆರಪಿ ಮಾಡುವ ಚೇತನಾ ಎಂಬವಳ ಹೆಸರನ್ನು ಪ್ಲಾಸ್ಟರ್ ಬಿಚ್ಚಿದ ನರ್ಸು ಹೇಳಿದ್ದಳು. ಬ್ರಹ್ಮಾವರದವಳು, ವಯಸ್ಸು ಮೂವತ್ತರ ಒಳಗೆ. ಅವಳ ಕೋಣೆಯ ಗೋಡೆಗೆ ಒರಗಿಸಿ ಕೋಲು, ವಾಕರು ಎಲ್ಲ ಇಟ್ಟಿದ್ದವು. ರಿಕ್ಷಾದಲ್ಲಿ ಎತ್ತಿಕೊಂಡು ಹೋದ ಸೀತುವನ್ನು ಅವಳು ಆ ದಿನ ನಡೆಸಲಿಲ್ಲ. ಕಾಲಿಗೆ ಬಲ ಬರಲೆಂದು ಕುರ್ಚಿಯಿಂದ ಏಳಿಸಿ ಕೂರಿಸುವ ವ್ಯಾಯಾಮ ಹೇಳಿಕೊಟ್ಟಳು. ಕೆಲವು ವಾರ ಅದನ್ನೇ ಮಾಡಿಸಿದ ಮೇಲೆ ಸೀತು ನಿಲ್ಲುವಂತಾದಳು. ಆಗ ಚೇತನಾ ನಾಲ್ಕು ಕಾಲಿನ, ಚಕ್ರವಿಲ್ಲದ ಅಲ್ಯೂಮಿನಿಯಂ ವಾಕರನ್ನು ಅವಳ ಮುಂದಿಟ್ಟಳು.

“ಎತ್ತಿ ಮುಂದೆ ಇಡಿ ಅಮ್ಮ. ಆಮೇಲೆ ಕಾಲ್ ಹಾಕಿ.”

ಸೀತು ಎತ್ತಿದಳು. ಎತ್ತಿದ್ದನ್ನು ಮುಂದೆ ಇಡಲಿಲ್ಲ. ಮೇಲೆ, ಇನ್ನೂ ಮೇಲೆ, ತಲೆಯ ತನಕ ಎತ್ತಿ, ಎರಡು ಕೈಯಲ್ಲೂ ಹಿಡಿದು ತಲೆಯ ಮೇಲಿಟ್ಟುಕೊಂಡು ನಡೆಯಲು ಹೊರಟಳು. ಬೆಂಚಿನಲ್ಲಿ ಕೂತಿದ್ದ ಯಾರೋ ನಕ್ಕರು. ಉಮಾನಾಥ ಹಾರಿ ಬಂದು ಸೊಂಟ ಹಿಡಿದ. “ನಾನ್ ಹೇಳ್ಲಿಲ್ಲ್ಯಾ ಅಮ್ಮ? ಮನೆಗ್ ಹ್ವಾಪ,” ಎಂದ.

ಚೇತನಾ ವಾಕರನ್ನು ಕೆಳಗಿಳಿಸಿ, “ಇವ್ರ್ ಎಂತ ಕೆಲ್ಸ ಮಾಡ್ತಿದ್ರ್?” ಎಂದು ಕೇಳಿದಳು. ವನಜ ಹೇಳಿದಳು.

“ಹಾಂಗಾರೆ ಎತ್ತುವಂಥದ್ ಎಂತದೂ ಬೇಡ,” ಎಂದಳು ಚೇತನಾ. “ಕೇಣಿ. ಎತ್ತುದ್, ಇಡುದ್, ಕಾಲ್ ಹಾಕುದ್, ಇಷ್ಟನ್ನ ಒಟ್ಟಿಗೆ ನೆನ್ಪ್ ಇಟ್ಕಂಬುಕೆ ಇವ್ರಿಗೆ ಆತಿಲ್ಲೆ. ಕೋಲಲ್ಲೂ ಅದೇ ಆದದ್. ನಾಲ್ಕ್ ಚಕ್ರದ್ದಕ್ಕೆ ಬ್ರೇಕ್ ನೆನ್ಪಿರ್ಕ್. ಅದೂ ಆತಿಲ್ಲೆ. ನಿಮ್ದ್ ತಪ್ಪಲ್ಲ. ಅಂಗ್ಡಿಯರಿಗೂ ಇವ್ರ್ ಹೀಂಗೆ ಅಂದೇಳಿ ಗೊತ್ತಿಲ್ಲೆ.” ಕೊನೆಯ ಮಾತನ್ನು ಅವಳು ಉಮಾನಾಥನ ಕಡೆ ನೋಡಿ ಹೇಳಿದಳು. ಅವನು ನೆಲ ನೋಡಿದ.

ಅವಳು ಒಳಗಿನಿಂದ ಇನ್ನೊಂದು ವಾಕರು ತಂದಳು. ಅದಕ್ಕೆ ಮುಂದಿನ ಎರಡು ಕಾಲಿಗೆ ಮಾತ್ರ ಚಕ್ರ. ಹಿಂದಿನ ಎರಡಕ್ಕೆ ರಬ್ಬರು. ದೂಡಿದರೆ ಹೋಗುತ್ತದೆ, ಭಾರ ಬಿಟ್ಟರೆ ರಬ್ಬರು ನೆಲ ಕಚ್ಚಿ ನಿಲ್ಲುತ್ತದೆ. ಸೀತುವನ್ನು ನಿಲ್ಲಿಸಿ, ಕೈ ಜೋಲು ಬಿಡಿಸಿ, ಮಣಿಕಟ್ಟಿನ ಎತ್ತರಕ್ಕೆ ಹಿಡಿಯನ್ನು ಹೊಂದಿಸಿದಳು. ಬೂದು ಬಣ್ಣದ ಹಿಡಿ ಬೂದು ಕೊಳವೆಯಲ್ಲಿ ಇಂಥ ಕಾಯಿಲೆಯವರ ಕಣ್ಣಿಗೆ ಬೀಳುವುದಿಲ್ಲವೆಂದು ಕೆಂಪು ಟೇಪು ಸುತ್ತಿದಳು. ಆಮೇಲೆ ಏನನ್ನೂ ಹೇಳಿಕೊಡದೆ, ಸೀತುವಿನ ಕೈಗಳನ್ನು ಕೆಂಪಿನ ಮೇಲಿಟ್ಟು, ತಾನು ಪಕ್ಕದಲ್ಲಿ ನಿಂತು ನಡೆಯತೊಡಗಿದಳು.

ಸೀತು ಅವಳ ಕಾಲು ನೋಡಿದಳು. ದೂಡಿದಳು. ಒಂದು ಹೆಜ್ಜೆ ಬಂತು.

“ನಡುವಾಗ ಮಾತಾಡ್ಬೇಡಿ,” ಎಂದಳು ಚೇತನಾ ಹೊರಡುವಾಗ. “ಹಿಂದಿಂದ ಮುಟ್ಬೇಡಿ. ಎಳಿಬೇಡಿ. ಒಬ್ರ್ ಯಾವತ್ತೂ ಬದಿಯಲ್ ಇರ್ಕ್. ಮತ್ತೆ ಒಂದ್ ಮಾತ್. ಇದ್ ಇದ್ರೆ ಬೀಳುದೇ ಇಲ್ಲ ಅಂದೇಳಿ ನಾನ್ ಹೇಳ್ತಿಲ್ಲೆ. ಬೀಳ್ಲೂಬಹುದ್.”

“ಗೊತ್ತಿತ್ತ್,” ಎಂದಳು ವನಜ.

ಮನೆಯಲ್ಲಿ ಮೊದಲ ದಿನವೇ ತೊಂದರೆ ಬಂತು. ಚಾವಡಿಯಲ್ಲಿ ಚೆನ್ನಾಗಿ ದೂಡಿಕೊಂಡು ಬಂದ ಸೀತು ಬಾಗಿಲ ಹತ್ತಿರ ಸೆಟೆದು ನಿಂತಳು. ಕಾಲು ಮುಂದಿಡಲಿಲ್ಲ. ವನಜ ಪಕ್ಕದಲ್ಲಿ ನಡೆದು ತೋರಿಸಿದರೆ ಸೀತು ಅವಳ ತೋಳನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಎಳೆದಳು. ಮರುದಿನವೂ ಅದೇ ಜಾಗ. ಮೂರನೆಯ ಸಲ ಸೀತು ಕೆಳಗೆ ನೋಡಿ, “ಆಳ ಇತ್ತ್” ಎಂದಳು.

ಕೆಂಪು ಸಿಮೆಂಟಿನ ನೆಲ ಅದು. ಮನೆ ಕಟ್ಟಿಸಿದಾಗ ಚೆಂದಕ್ಕೆಂದು ಬಾಗಿಲ ಬುಡದಲ್ಲಿ ಮೊಳ ಅಗಲದ ಕಪ್ಪು ಪಟ್ಟಿ ಹಾಕಿಸಿದ್ದರು. ವನಜ ಮಂಡಿಯೂರಿ ಕೂತು, ಅಕ್ಕನ ಕಣ್ಣಿನಿಂದ ನೋಡುವಂತೆ, ಅದನ್ನು ನೋಡಿದಳು. ಕಾಯಿಲೆ ಏರಿದಂತೆ ಆ ಕಪ್ಪು ಅವಳಿಗೆ ಹೊಂಡವಾಗಿ ಕಾಣತೊಡಗಿತ್ತು. ಇವರು ಇಷ್ಟು ದಿನ ಅವಳನ್ನು ಹೊಂಡಕ್ಕೆ ಇಳಿ ಎನ್ನುತ್ತಿದ್ದರು. ಅವಳು ತಂಗಿಯನ್ನು ಹೊಂಡದಿಂದ ಹಿಂದಕ್ಕೆ ಎಳೆಯುತ್ತಿದ್ದಳು.

ಆ ಭಾನುವಾರ ಉಮಾನಾಥ ಪೇಟೆಯಿಂದ ಕೆಂಪು ಪೈಂಟು ತಂದ. ಯಾರೂ ಅವನಿಗೆ ಹೇಳಿರಲಿಲ್ಲ; ಸುಗುಣಳಿಂದ ಸಂಗತಿ ತಿಳಿದಿದ್ದ. ಪಟ್ಟಿಯನ್ನು ತಿಕ್ಕಿ ತೊಳೆದು, ಒಣಗಿಸಿ, ಎರಡು ಕೈ ಬಳಿದ. ಹೊಸ ಬಣ್ಣ ಹಳೆಯದಕ್ಕೆ ಸರಿಯಾಗಿ ಕೂಡಲಿಲ್ಲ, ಕಲೆಯ ಹಾಗೆ ಕಂಡಿತು. ಒಣಗಿದ ಮೇಲೆ ಸೀತುವಿನ ಕೈಗಳನ್ನು ಹಿಡಿಯ ಮೇಲಿಟ್ಟವನು ಅವನೇ. ಬದಿಯಲ್ಲಿ ನಿಂತ. ಬಾಗಿಲ ಬುಡಕ್ಕೆ ಬಂದು ಸೀತು ನಿಂತಳು. ನೆಲ ನೋಡಿದಳು. ವನಜ ಒಳಗಿನಿಂದ ಇಬ್ಬರ ಬೆನ್ನನ್ನೂ ನೋಡುತ್ತಿದ್ದಳು. ಚಕ್ರ ಉರುಳಿತು. ಮಗ ಅಂಗಳದ ಬಿಸಿಲಿಗೆ ಇಳಿದ ಮೇಲೇ ಮುಖ ಒರೆಸಿಕೊಂಡ.

ಆಮೇಲೆ ಎರಡು ಮಳೆಗಾಲ ಸೀತು ನಡೆದಳು. ಗೇಟಿಗೆ ಮೇಲುಗಡೆ ಹೊಸ ಚಿಲಕ ಹಾಕಿಸಿದರು. ಬೆಳಿಗ್ಗೆ ಅಂಗಳ, ಸಂಜೆ ಕಿಟ್ಟನ ಬಲೆಯ ಚಪ್ಪರದ ತನಕ. ಎರಡು ಸಲ ಬಿದ್ದಳು. ಒಂದು ಸಲ ಹಣೆ ಒಡೆಯಿತು. ರಕ್ತ ನೋಡಿಯೂ ಉಮಾನಾಥ ಮತ್ತೆ ಸೀರೆಯ ಮಾತೆತ್ತಲಿಲ್ಲ. ಹೊತ್ತುಕೊಂಡು ರಿಕ್ಷಾಕ್ಕೆ ಹೋದ, ಹೊಲಿಗೆ ಹಾಕಿಸಿ ತಂದ. ವನಜಳ ಹೆಸರು ಸೀತುವಿಗೆ ಪೂರ್ತಿ ಮರೆತುಹೋಗಿತ್ತು. ಒಂದು ಸಂಜೆ ನಡೆಯುತ್ತ ನಡೆಯುತ್ತ, “ನೀನ್ ಯಾರ್ ಮಗ್ಳ್ ಹೆಣೆ?” ಎಂದು ಕೇಳಿದಳು.

“ನಿಂದೇ,” ಎಂದಳು ವನಜ. ಸೀತು ಒಪ್ಪಿದವಳಂತೆ ಮುಂದೆ ನಡೆದಳು.

೨೦೧೪ರ ಆಟಿ ತಿಂಗಳ ಜಡಿಮಳೆಯಲ್ಲಿ ಜ್ವರ ಬಂದು ಮಲಗಿದವಳು ಮತ್ತೆ ಏಳಲಿಲ್ಲ. ಕೆಲವೇ ದಿನ. ಕಟ್ಟಿಹಾಕಿದ ಕುರ್ಚಿಯಲ್ಲಿ ಅವಳ ಉಸಿರು ಹೋಗಲಿಲ್ಲ ಎಂಬುದೊಂದು ವನಜಳಿಗೆ ಸಮಾಧಾನ.

ವಾಕರನ್ನು ಚೇತನಾಳ ಕೋಣೆಗೆ ಕೊಟ್ಟು ಬಂದರು. ವನಜ, ಅಕ್ಕನಿಗೆ ಕಾಯಿಲೆ ಬರುವ ಮೊದಲಿನಂತೆ, ಮೀನಿನ ಬುಟ್ಟಿ ಹಿಡಿದು ಪೇಟೆಗೆ ಮಾರಲು ಹೋಗತೊಡಗಿದಳು. ಜೊತೆಯ ಹೆಂಗಸರು ಮುಂದೆ ಹೋಗಿ ಹಿಂತಿರುಗಿ ನಿಂತು, “ಎಂತ ವನಜಕ್ಕ, ಕಾಲ್ ನೋವಾ?” ಎಂದು ಕರೆಯುವರು. ಕಾಲಿಗೆ ಏನೂ ಆಗಿರಲಿಲ್ಲ. ಅಷ್ಟು ಮೆಲ್ಲಗೆ ನಡೆದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಬೇಗ ಹೆಜ್ಜೆ ಹಾಕಲು ಹೋದಾಗಲೆಲ್ಲ ಬದಿಯಲ್ಲಿ ಯಾರೋ ಹಿಂದೆ ಉಳಿದರೆಂಬ ಹಾಗಾಗಿ ಅವಳು ಒಮ್ಮೆ ನಿಂತು ನೋಡುವಳು.